ಸೆನ್ಸರ್‌ಗೆ ಟೇಪು, ಥರ್ಮೋಸ್ಟ್ಯಾಟ್‌ಗೆ ಒದ್ದೆ ಟಿಶ್ಯೂ: ಸ್ಮಾರ್ಟ್ ಕಟ್ಟಡದಲ್ಲಿ ಜನ ಮಾಡೋ ಕಿತಾಪತಿಗೆ ಏನು ಮಾಡಬೇಕು?

ಫೆಸಿಲಿಟಿ_ಹೊರವರ್ತುಲ

ಬೆಂಗಳೂರು ಹೊರವರ್ತುಲ ರಸ್ತೆಯ ಏಳು ಮಹಡಿಯ ಆಫೀಸು. ನೀರು ತಂಪು ಮಾಡೋ ಸೆಂಟ್ರಲ್ ಚಿಲ್ಲರ್, ಮಹಡಿಗೆ ಎರಡು ಏಎಚ್‌ಯು (ತಂಪು ಗಾಳಿ ಊದೋ ಯಂತ್ರ), ಅಲ್ಲಿಂದ ಒಂದೊಂದು ಜಾಗಕ್ಕೆ ಗಾಳಿ ಹೆಚ್ಚು ಕಡಿಮೆ ಮಾಡೋ ವಿಎವಿ ಬಾಕ್ಸ್‌ಗಳು. ಲೈಟಿಗೆ ಸೀಲಿಂಗ್‌ನಲ್ಲಿ ಚಲನೆ ಗುರುತಿಸೋ ಪಿಐಆರ್ ಸೆನ್ಸರ್, ಹೊರಗೇ ಮಹಡಿ ಒತ್ತೋ ನಾಲ್ಕು ಡೆಸ್ಟಿನೇಷನ್ ಲಿಫ್ಟು, ಬಾಗಿಲಿಗೆಲ್ಲ ಕಾರ್ಡು. ಇದನ್ನೆಲ್ಲ ನಡೆಸೋ ಕಂಪ್ಯೂಟರ್ ವ್ಯವಸ್ಥೆ ಬಿಎಂಎಸ್. ಅದರ ಪರದೆ ಮೇಲೆ ಎಲ್ಲವೂ ಹಸಿರು.

ಮಹಡಿಗೆ ಹೋಗಿ ನೋಡಿದರೆ ಸೀಲಿಂಗ್‌ನಿಂದ ಗಾಳಿ ಬರೋ ಡಿಫ್ಯೂಸರ್‌ಗಳಿಗೆ ರಟ್ಟು ಕಟ್ಟಿದ್ದಾರೆ. ಥರ್ಮೋಸ್ಟ್ಯಾಟ್ ಮೇಲೆ ಒದ್ದೆ ಟಿಶ್ಯೂ. ಮೀಟಿಂಗ್ ರೂಮಲ್ಲಿ ಕೂತವರು ಆಗಾಗ ಕೈ ಬೀಸಬೇಕು, ಇಲ್ಲದಿದ್ದರೆ ಕತ್ತಲೆ. ಟಾಯ್ಲೆಟ್ಟಲ್ಲೂ ಅದೇ ಪಾಡು. ಬೆಳಿಗ್ಗೆ ಒಂಬತ್ತೂವರೆಗೆ ಲಿಫ್ಟ್ ಲಾಬಿ ಸಂತೆ. ಮೆಟ್ಟಿಲಿನ ಫೈರ್ ಡೋರ್ ಮುಚ್ಚದ ಹಾಗೆ ಬೆಂಕಿ ಆರಿಸೋ ಸಿಲಿಂಡರನ್ನೇ ಅಡ್ಡ ಇಟ್ಟಿರ್ತಾರೆ.

ಸರ್ಕ್ಯುಲರ್ ಹೊರಡಿಸಿ ದಂಡ ಹಾಕೋಣ ಅಂತ ಮೇಲಿನವರ ಯೋಚನೆ. ಅದಕ್ಕೂ ಮುಂಚೆ ಸೆಟ್ಟಿಂಗ್‌ಗಳಲ್ಲಿ ಏನೇನು ನೋಡಬೇಕು? ದೊಡ್ಡ ಖರ್ಚಿಗೆ ಈ ವರ್ಷ ಬಜೆಟ್ ಇಲ್ಲ.

ಡಕ್ಟ್_ಹುಬ್ಬಳ್ಳಿ

ದಂಡ ಆಮ್ಯಾಲೆ ನೋಡೂಣ್ರಿ. ಮೊದಲ ಎಲ್ಲೆಲ್ಲಿ ರಟ್ಟು ಕಟ್ಯಾರ ಅನ್ನೋದನ್ನ ಮಹಡಿ ನಕ್ಷೆ ಮ್ಯಾಲೆ ಗುರುತು ಹಾಕ್ರಿ. ಆ ಗುರುತು ಯಾವ ವಿಎವಿ ಬಾಕ್ಸಿಗೆ ಸೇರ್ತಾವ ಅಂತ ಬರಕೋರಿ. ನೂರು ಕಂಪ್ಲೇಂಟ್ ಇದ್ರೂ ತಪ್ಪಿರೋ ಬಾಕ್ಸ್ ಏಳೋ ಎಂಟೋ ಇರ್ತಾವ.

ಒಂದು ಡಿಫ್ಯೂಸರ್ ಮುಚ್ಚಿದ್ರ ಅದು ಬಾಕ್ಸಿಗೆ ಗೊತ್ತಾಗೂದಿಲ್ಲ. ಬಾಕ್ಸು ಅಳೆಯೋದು ತನ್ನೊಳಗ ಹಾದು ಹೋಗೋ ಒಟ್ಟು ಗಾಳಿ ಮಾತ್ರ. ನಾಲ್ಕರಾಗ ಒಂದು ಮುಚ್ಚಿದ್ರ ಅಷ್ಟೇ ಗಾಳಿ ಉಳಿದ ಮೂರರಿಂದ ಜೋರಾಗಿ ಬರ್ತದ. ಪಕ್ಕದವರಿಗೆ ಥಂಡಿ ಹತ್ತಿ ಅವರೂ ರಟ್ಟು ಕಟ್ತಾರ. ಹಿಂಗ ಹಬ್ಬಿಕೊಂಡು ಹೋಗ್ತದ.

ಆ ಬಾಕ್ಸ್‌ಗಳಿಗೆ ಒಂದು ವಾರ ಟ್ರೆಂಡ್ ಹಾಕ್ರಿ, ಅಂದ್ರ ಬಿಎಂಎಸ್‌ನಾಗ ಓದು ದಾಖಲಾಗ್ಲಿ: ಜೋನ್ ತಾಪಮಾನ, ಸೆಟ್‌ಪಾಯಿಂಟ್ (ಇರಬೇಕಾದ ತಾಪಮಾನ), ಗಾಳಿಗೆ ಅಡ್ಡ ಇರೋ ಡ್ಯಾಂಪರ್ ಬಾಗಿಲು ಎಷ್ಟು ತೆರೆದದ, ಗಾಳಿ ಎಷ್ಟು ಸಿಎಫ್ಎಂ (ನಿಮಿಷಕ್ಕ ಎಷ್ಟು ಘನ ಅಡಿ). ಐದು ನಿಮಿಷಕ್ಕೊಂದು ಓದು ಸಾಕು, ಶನಿವಾರ ಭಾನುವಾರನೂ ಸೇರಿರ್ಲಿ.

ಡ್ಯಾಂಪರ್ ಕನಿಷ್ಠಕ್ಕ ಬಂದು ನಿಂತದ, ಆದ್ರೂ ತಾಪಮಾನ ಸೆಟ್‌ಪಾಯಿಂಟ್‌ಕಿಂತ ಕೆಳಗ ಜಾರಾಕತ್ತದ ಅಂದ್ರ ಕನಿಷ್ಠ ಗಾಳಿಯ ಸೆಟ್ಟಿಂಗ್ ಹೆಚ್ಚಾಗೇತಿ. ನಮ್ಮ ಕಡೆ ಕಟ್ಟಡಗಳಾಗ ಮುಕ್ಕಾಲು ಪಾಲು ಇದೇ ರೋಗ. ಲೆಕ್ಕ ಹಾಕಿ ನೋಡ್ರಿ: 500 ಸಿಎಫ್ಎಂ ಬಾಕ್ಸು, ಕನಿಷ್ಠ 30 ಶೇಕಡಾ ಅಂದ್ರ 150 ಸಿಎಫ್ಎಂ. ಗಾಳಿ 13 ಡಿಗ್ರಿಯಾಗ ಬರ್ತದ, ರೂಮು 24 ಡಿಗ್ರಿ. ಅಂದ್ರ ಯಾರು ಕೇಳಲಿ ಬಿಡಲಿ 900 ವ್ಯಾಟ್‌ಗಿಂತ ಹೆಚ್ಚು ತಂಪು ಸದಾ ಸುರೀತದ. ಕೂತ ಮನುಷ್ಯ, ಅವನ ಲ್ಯಾಪ್‌ಟಾಪ್ ಸೇರಿ ಬಿಸಿ ಕೊಡೋದು 120 ವ್ಯಾಟ್ ಆಸುಪಾಸು. ಶುಕ್ರವಾರ ಆ ಜೋನ್‌ನಾಗ ಇಬ್ಬರೇ ಇದ್ರ ಅವರು ನಡುಗದೇ ಇನ್ನೇನ್ರಿ? ಡಿಸೈನ್ ಮಾಡಿದ್ದು ಡೆಸ್ಕ್‌ಟಾಪ್ ಕಾಲದ ಬಿಸಿ, ತುಂಬಿದ ಕುರ್ಚಿಗಳ ಲೆಕ್ಕದಾಗ. ನಮ್ಮಲ್ಲಿ ಬಾಕ್ಸಿಗೆ ಗಾಳೀನ ಮತ್ತ ಬೆಚ್ಚಗ ಮಾಡೋ ರೀಹೀಟ್ ಕಾಯಿಲ್ ಹಾಕೋದೂ ಅಪರೂಪ.

ಕನಿಷ್ಠವನ್ನ 10ರಿಂದ 15 ಶೇಕಡಾಕ್ಕ ಇಳಿಸ್ರಿ. ಎರಡು ಕಡೆ ಎಚ್ಚರ. ಒಂದು, ಹೊಸ ಗಾಳಿಯ ಲೆಕ್ಕ ಬಿಡಬ್ಯಾಡ್ರಿ: ಆಫೀಸಿಗೆ ಅಮೆರಿಕದ ಎಸಿ ಎಂಜಿನಿಯರ್‌ಗಳ ಸಂಘದ ಮಾನದಂಡ ಆಶ್ರೇ 62.1 ಪ್ರಕಾರ ತಲೆಗೆ 5 ಸಿಎಫ್ಎಂ, ಮ್ಯಾಲೆ ಚದರಡಿಗೆ 0.06 ಸಿಎಫ್ಎಂ ಬೇಕು. ಇನ್ನೊಂದು, ಬಾಕ್ಸಿನ ಫ್ಲೋ ಸೆನ್ಸರ್ ಅಷ್ಟು ಕಡಿಮೆ ಗಾಳೀನ ಅಳೀಬಲ್ಲದೇನ ನೋಡ್ರಿ. ಅಳೀಲಿಕ್ಕೆ ಆಗದಿದ್ರ ಡ್ಯಾಂಪರ್ ತೆರೆಯೋದು ಮುಚ್ಚೋದು ಮಾಡ್ತಾ ಕೂಡ್ತದ, ಆ ಸಪ್ಪಳಕ್ಕ ಹೊಸ ಕಂಪ್ಲೇಂಟ್ ಬರ್ತದ.

ಡ್ಯಾಂಪರ್ ಪೂರ್ತಿ ತೆರೆದಿದ್ರೂ ಸೆಕೆ ಅಂತಾರಂದ್ರ ಅದು ಬ್ಯಾರೆ ಕಥಿ: ಡಕ್ಟ್ ಸ್ಟ್ಯಾಟಿಕ್ ಪ್ರೆಶರ್ (ಗಾಳಿ ಕೊಳವೆಯೊಳಗಿನ ಒತ್ತಡ) ಸಾಲದು, ಇಲ್ಲಾ ಫ್ಲೆಕ್ಸಿಬಲ್ ಡಕ್ಟ್ ಫಾಲ್ಸ್ ಸೀಲಿಂಗ್ ಮ್ಯಾಲೆ ಮಡಚಿಕೊಂಡು ಬಿದ್ದಿರ್ತದ. ಟೈಲ್ ಎತ್ತಿ ಟಾರ್ಚ್ ಬಿಟ್ಟು ನೋಡ್ರಿ.

ಸೆನ್ಸರ್_ಮೇಡಂ

ಹುಬ್ಬಳ್ಳಿಯವರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಟ್ರೆಂಡ್‌ನಲ್ಲಿ ತಾಪಮಾನ ಸರಿಯಾಗಿ 24ರಲ್ಲೇ ನಿಂತಿದೆ, ಆದರೂ ಜನ ದೂರುತ್ತಿದ್ದಾರೆ ಅಂದರೆ ಸುಳ್ಳು ಹೇಳ್ತಿರೋದು ಥರ್ಮೋಸ್ಟ್ಯಾಟ್.

ಗೋಡೆಯಿಂದ ಅದನ್ನು ಬಿಚ್ಚಿ ಹಿಂದೆ ನೋಡಿ. ವೈರು ಬರೋ ಪಿವಿಸಿ ಪೈಪಿನ ಇನ್ನೊಂದು ತುದಿ ಫಾಲ್ಸ್ ಸೀಲಿಂಗ್ ಮೇಲೆ ಇರುತ್ತೆ. ಅಲ್ಲಿನ ಗಾಳಿ ಪೈಪಿನಲ್ಲಿ ಇಳಿದು ಸೀದಾ ಸೆನ್ಸರ್ ಬೆನ್ನಿಗೆ ಬಡಿಯುತ್ತೆ. ಒಂದೂವರೆ, ಎರಡು ಡಿಗ್ರಿ ತಪ್ಪು ಓದು ಬರೋದಕ್ಕೆ ಅಷ್ಟು ಸಾಕು. ಪೈಪಿನ ಬಾಯಿಗೆ ಡಕ್ಟ್ ಸೀಲ್ ಪುಟ್ಟಿ ತುಂಬಿದರೆ ಆಯ್ತು, ಒಂದು ಥರ್ಮೋಸ್ಟ್ಯಾಟಿಗೆ ಹತ್ತು ನಿಮಿಷದ ಕೆಲಸ. ಪ್ರಿಂಟರ್ ಹಿಂದೆ, ಪಶ್ಚಿಮದ ಬಿಸಿಲು ಬೀಳೋ ಕಂಬದ ಮೇಲೆ, ಟಿವಿ ಪಕ್ಕ ಇದ್ದರೆ ಜಾಗ ಬದಲಾಯಿಸಲೇಬೇಕು. ನೆಲದಿಂದ 1.2ರಿಂದ 1.5 ಮೀಟರ್, ಒಳಗೋಡೆ, ಡಿಫ್ಯೂಸರ್ ಗಾಳಿ ನೇರ ಬೀಳದ ಕಡೆ.

ಒದ್ದೆ ಟಿಶ್ಯೂ ಇಡೋರು ದಡ್ಡರಲ್ಲ. ನೀರು ಆರುವಾಗ ಸೆನ್ಸರ್ ತಣ್ಣಗಾಗಿ ರೂಮು ತಂಪಾಗಿದೆ ಅಂದುಕೊಳ್ಳುತ್ತೆ, ಎಸಿ ಕಡಿಮೆಯಾಗುತ್ತೆ. ಸೆಕೆ ಆಗೋರು ಅದರ ಕೆಳಗೆ ಬಿಸಿ ಚಹಾ ಲೋಟ ಇಡ್ತಾರೆ. ಟಿಶ್ಯೂ ಸಿಕ್ಕಿದ ಕಡೆಯಲ್ಲೆಲ್ಲ ಗಾಳಿ ಹೆಚ್ಚಾಗಿದೆ, ಲೋಟದ ಕಲೆ ಇರುವಲ್ಲೆಲ್ಲ ಸಾಲುತ್ತಿಲ್ಲ ಅಂತ ತಿಳಿದುಕೊಳ್ಳಿ. ಸರ್ವೆ ಮಾಡೋ ಖರ್ಚು ಉಳಿಯಿತು.

ಲೋಡ್_ಲೆಕ್ಕ

ಇಷ್ಟೆಲ್ಲ ಯಾಕೆ? 24ಕ್ಕೆ ಲಾಕ್ ಮಾಡಿ ಮುಗಿಸಿ. ಸರ್ಕಾರದ ನಿಯಮವೇ ಇದೆಯಲ್ಲ.

ಸೆನ್ಸರ್_ಮೇಡಂ

ಆ ನಿಯಮ ನಿಮ್ಮ ಚಿಲ್ಲರ್‌ಗೆ ಅನ್ವಯಿಸಲ್ಲ. 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರೋ ರೂಮ್ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲಿ ಶುರುವಾಗಬೇಕು, ಅಷ್ಟೇ. ಆಮೇಲೆ ಬಳಸುವವರು ಬದಲಾಯಿಸಬಹುದು. ಸೆಂಟ್ರಲ್ ಪ್ಲಾಂಟ್‌ಗೆ ಬೀಗ ಹಾಕಿ ಅಂತ ಅದರಲ್ಲಿ ಎಲ್ಲೂ ಇಲ್ಲ.

ಲೆಕ್ಕ ಬೇಕು ಅಂದರೆ ನಮ್ಮದೇ ದೇಶದ ಮಾದರಿ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು, ಚೆನ್ನೈ, ದೆಹಲಿ, ಅಹಮದಾಬಾದ್, ಶಿಮ್ಲಾ ಆಫೀಸುಗಳಲ್ಲಿ ಕೂತವರನ್ನೇ ಕೇಳಿ ಮಾಡಿದ ಐಮ್ಯಾಕ್, ಎಷ್ಟು ತಾಪಮಾನ ಹಿತ ಅಂತ ಹೇಳೋ ಸೂತ್ರ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಗೂ ಅದು ಸೇರಿದೆ. ಹಿಂದಿನ 30 ದಿನಗಳ ಹೊರಗಿನ ಸರಾಸರಿ ತಾಪಮಾನ ತಗೊಳ್ಳಿ. ಪೂರ್ತಿ ಎಸಿ ಕಟ್ಟಡಕ್ಕೆ ಅದನ್ನು 0.078ರಿಂದ ಗುಣಿಸಿ 23.25 ಕೂಡಿಸಿ. ಕಿಟಕಿ ತೆಗೆಯಬಹುದಾದ, ಬೇಕಾದಾಗ ಮಾತ್ರ ಎಸಿ ಹಾಕೋ ಕಟ್ಟಡಕ್ಕೆ 0.28ರಿಂದ ಗುಣಿಸಿ 17.87 ಕೂಡಿಸಿ. ಹೊರಗಿನ ಸರಾಸರಿ 27.5 ಇದ್ದರೆ ಎಸಿ ಕಟ್ಟಡಕ್ಕೆ 25.4 ಬರುತ್ತೆ, 21 ಇದ್ದರೆ 24.9. ಅಂದರೆ ವರ್ಷಪೂರ್ತಿ 25ರ ಆಸುಪಾಸು. 22ಕ್ಕೆ ಇಟ್ಟು ಜಾಕೆಟ್ ಹಾಕಿಸೋದಕ್ಕೆ ಯಾವ ಲೆಕ್ಕದಲ್ಲೂ ಆಧಾರ ಇಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತೆ ಅಂತ ಕೇಂದ್ರ ಸರ್ಕಾರದ ಇಂಧನ ದಕ್ಷತೆ ಸಂಸ್ಥೆ ಬಿಇಇ ಹೇಳುತ್ತೆ.

ನನ್ನ ಸಲಹೆ: ಮೂಲ 24.5 ಅಥವಾ 25. ಗೋಡೆಯ ಗುಂಡಿಯಿಂದ ಮೇಲೆ ಕೆಳಗೆ 1.5 ಡಿಗ್ರಿ ಬದಲಾಯಿಸೋ ಅವಕಾಶ ಕೊಡಿ. ಎರಡು ಗಂಟೆ ಆದಮೇಲೆ ತಾನಾಗೇ ಮೂಲಕ್ಕೆ ಮರಳಲಿ. ಮಳೆಗಾಲದಲ್ಲಿ ಮಾತ್ರ ಸಪ್ಲೈ ಗಾಳಿಯ ತಾಪಮಾನ ಏರಿಸೋ ಮುಂಚೆ ತೇವ ನೋಡಿ. 65 ಶೇಕಡಾ ದಾಟಿದರೆ 25 ಡಿಗ್ರಿಯಲ್ಲೂ ಜನ ಸೆಕೆ ಅಂತಾರೆ, ಕಾರ್ಪೆಟ್ ವಾಸನೆಯೂ ಹಿಡಿಯುತ್ತೆ.

ಲೋಡ್_ಲೆಕ್ಕ

ಗುಂಡಿ ಕೊಟ್ಟರೆ ಇಬ್ಬರು ಅದರ ಮುಂದೆ ಜಗಳ ಆಡ್ತಾರೆ. ಅದಕ್ಕೇ ಎಷ್ಟೋ ಕಡೆ ವೈರ್ ಇಲ್ಲದ ಬರೀ ಡಬ್ಬಿ ಥರ್ಮೋಸ್ಟ್ಯಾಟ್ ಹಾಕಿರೋದು. ಒತ್ತಿದವರಿಗೂ ಸಮಾಧಾನ, ಪ್ಲಾಂಟಿಗೂ ನೆಮ್ಮದಿ.

ಬಿಎಂಎಸ್_ರಾತ್ರಿಪಾಳಿ

ಡಬ್ಬಿ ಅಂತ ಗೊತ್ತಾದ ದಿನ ಆ ಮಹಡಿಯ ನಿಜವಾದ ಥರ್ಮೋಸ್ಟ್ಯಾಟನ್ನೂ ಯಾರೂ ನಂಬಲ್ಲ ಸರ್. ಆಮೇಲೆ ಪ್ರತಿಯೊಂದಕ್ಕೂ ಹೆಲ್ಪ್‌ಡೆಸ್ಕ್ ಟಿಕೆಟ್. ಆ ಟಿಕೆಟ್ ಮುಚ್ಚೋಕೆ ಆಪರೇಟರ್ ಏನು ಮಾಡ್ತಾನೆ? ಡ್ಯಾಂಪರ್ ಹಿಡಿದು 60 ಶೇಕಡಾಕ್ಕೆ ಓವರ್‌ರೈಡ್ ಹೊಡೆದು, ಅಂದರೆ ಸ್ವಯಂಚಾಲನೆ ತಪ್ಪಿಸಿ ಅಲ್ಲೇ ನಿಲ್ಲಿಸಿ, ಮನೆಗೆ ಹೋಗ್ತಾನೆ. ಕಟ್ಟಡ ಹಾಳಾಗೋದು ಅಲ್ಲಿಂದ.

ಕಟ್ಟಡದ ಯಂತ್ರಗಳು ಮಾತಾಡೋ ಭಾಷೆ ಬ್ಯಾಕ್‌ನೆಟ್. ಅದರಲ್ಲಿ ಒಂದು ಔಟ್‌ಪುಟ್ ಪಾಯಿಂಟಿಗೆ (ಡ್ಯಾಂಪರ್, ಫ್ಯಾನಿನಂಥದ್ದಕ್ಕೆ ಆಜ್ಞೆ ಹೋಗೋ ಜಾಗ) 16 ಆದ್ಯತೆಯ ಮಟ್ಟಗಳಿವೆ. 1 ಎಲ್ಲಕ್ಕಿಂತ ಮೇಲು, 16 ಎಲ್ಲಕ್ಕಿಂತ ಕೆಳಗೆ. ಆಪರೇಟರ್ ಕೈಯಿಂದ ಕೊಡೋ ಆಜ್ಞೆ ಮಾಮೂಲಾಗಿ 8ರಲ್ಲಿ ಕೂರುತ್ತೆ, ವೇಳಾಪಟ್ಟಿ 15 ಅಥವಾ 16ರಲ್ಲಿ. ಎಂಟರಲ್ಲಿ ಒಂದು ಬೆಲೆ, ಅಂದರೆ ಆಜ್ಞೆಯ ಅಂಕಿ, ಕೂತಿರೋವರೆಗೂ ವೇಳಾಪಟ್ಟಿ ಏನು ಕೂಗಿದರೂ ಯಂತ್ರಕ್ಕೆ ಕೇಳಲ್ಲ. ಕಂಟ್ರೋಲರ್ ಕೆಟ್ಟಿಲ್ಲ, ಹೇಳಿದ್ದನ್ನೇ ಮಾಡ್ತಿದೆ. ಅದಕ್ಕೇ ಪರದೆ ಹಸಿರು.

ಮಾಡಬೇಕಾದ್ದು ಹೀಗೆ. ಎಲ್ಲ ಔಟ್‌ಪುಟ್‌ಗಳ ಪ್ರಯಾರಿಟಿ ಅರೇ (ಈ 16 ಮಟ್ಟಗಳ ಪಟ್ಟಿ) ಓದಿ, ಎಂಟರಲ್ಲಿ ಏನಾದರೂ ಇರೋದನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿ. ಪಾಯಿಂಟ್ ಹೆಸರು, ಈಗಿನ ಬೆಲೆ, ಯಾರ ಲಾಗಿನ್, ಯಾವ ದಿನ. ಮುಂದೆ ಒಂದು ಕಾಲಂ: ಯಾಕೆ. ಕಾರಣ ಸಿಗದೇ ಇರೋದನ್ನು ಮಹಡಿಗೆ ದಿನಕ್ಕೆ ಹತ್ತರಂತೆ ಬಿಡಿಸಿ. ಬಿಡಿಸೋದು ಅಂದರೆ ಆಟೋ ಬೆಲೆ ಬರೆಯೋದಲ್ಲ, ಎಂಟಕ್ಕೆ ನಲ್ (ಖಾಲಿ) ಬರೆಯೋದು. ಸೊನ್ನೆ ಬರೆದರೆ ಡ್ಯಾಂಪರ್ ಮುಚ್ಚಿಕೊಂಡು ಕೂರುತ್ತೆ, ಹೊಸ ಹುಡುಗರು ಇಲ್ಲೇ ಎಡವೋದು. ಒಂದೇ ಸಲ ಎಲ್ಲ ಬಿಟ್ಟರೆ ಯಾವುದರಿಂದ ತೊಂದರೆ ಬಂತು ಅಂತ ಹುಡುಕೋಕೆ ಆಗಲ್ಲ.

1 ಮತ್ತು 2ನೇ ಮಟ್ಟ ಜೀವರಕ್ಷಣೆಯದ್ದು, ಹೊಗೆ ತೆಗೆಯೋ ಫ್ಯಾನು ಇತ್ಯಾದಿ. ಅಲ್ಲಿ ಕೈ ಹಾಕಬೇಡಿ.

ರಾತ್ರಿ ಕೆಲಸ ಮಾಡೋರಿಗೆ ಎಸಿ ಬೇಕಾದಾಗ ಗಾರ್ಡ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಓವರ್‌ರೈಡ್ ಮಾಡಿಸೋ ಪದ್ಧತಿ ಇದ್ದರೆ ಅದನ್ನು ನಿಲ್ಲಿಸಿ. ಮಹಡಿಯ ಪ್ರವೇಶದಲ್ಲಿ ಒಂದು ಒತ್ತುಗುಂಡಿ. ಒತ್ತಿದರೆ ಆ ಅರ್ಧ ಮಹಡಿಗೆ ಎರಡು ಗಂಟೆ ಎಸಿ, ಲೈಟು. ಗುಂಡಿ, ವೈರು, ಖಾಲಿ ಇರೋ ಒಂದು ಡಿಜಿಟಲ್ ಇನ್‌ಪುಟ್, ಇಷ್ಟೇ ಸಾಮಾನು.

ತುಳುನಾಡ_ತಂತ್ರಜ್ಞ

ರಾತ್ರಿ ಪಾಳಿ ಅಂದ್ರಲ್ಲ, ನಿಮ್ಮಲ್ಲಿ 24 ಗಂಟೆ ಜನ ಇರ್ತಾರಾ? ಇರುವುದಾದರೆ ಇಂಗಾಲದ ಡೈ ಆಕ್ಸೈಡ್ ಸೆನ್ಸರ್ ಒಮ್ಮೆ ನೋಡಿ ಮಾರಾಯ್ರೆ. ಹೆಚ್ಚಿನವರು ಇದನ್ನು ಮರೆತೇ ಬಿಡುವುದು.

ಇನ್‌ಫ್ರಾರೆಡ್ ಬೆಳಕಿನಿಂದ ಈ ಅನಿಲ ಅಳೆಯುವ, ಆಫೀಸಿನ ಮಾಮೂಲಿ ಎನ್‌ಡಿಐಆರ್ ಸೆನ್ಸರ್‌ಗಳು ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಓದನ್ನು ಹೊರಗಿನ ಶುದ್ಧ ಗಾಳಿ, ಅಂದರೆ 400 ಪಿಪಿಎಂ ಅಂತ ಹಿಡಿಯುತ್ತವೆ. ರಾತ್ರಿ ಖಾಲಿಯಾಗುವ ಕಟ್ಟಡಕ್ಕೆ ಅದು ಸರಿ. ಕಾಲ್ ಸೆಂಟರ್‌ನಂಥ ಕಡೆ ರಾತ್ರಿಯೂ 600ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಆ 600ನ್ನೇ ಸೆನ್ಸರ್ 400 ಅಂತ ತೋರಿಸಲು ಶುರು ಮಾಡುತ್ತದೆ. ನಿಜವಾಗಿ 1000 ಆದಾಗ ಪರದೆಯಲ್ಲಿ 800. ಹೊಸ ಗಾಳಿಯ ಡ್ಯಾಂಪರ್ ತೆರೆಯುವುದೇ ಇಲ್ಲ. ಜನ ನಿದ್ದೆ ಬರ್ತದೆ, ತಲೆ ಭಾರ ಅಂತಾರೆ, ಡ್ಯಾಶ್‌ಬೋರ್ಡ್ ಮಾತ್ರ ಚಂದ ಉಂಟು.

ಆ ಸ್ವಯಂ ಹೊಂದಾಣಿಕೆಯನ್ನು ಆಫ್ ಮಾಡಿ, ಅಥವಾ ಹೋಲಿಕೆಗೆ ಒಳಗೇ ಎರಡನೇ ಚಾನೆಲ್ ಇರುವ ಡ್ಯುಯಲ್ ಚಾನೆಲ್ ಸೆನ್ಸರ್ ಹಾಕಿ. ಆರು ತಿಂಗಳಿಗೊಮ್ಮೆ, ಸರಿಯಾಗಿ ಓದುವ ಒಂದು ಹ್ಯಾಂಡ್‌ಹೆಲ್ಡ್ ಮೀಟರನ್ನು ಮೊದಲು ಟೆರೇಸಿಗೆ ಒಯ್ದು ನೋಡಿ, ಅಲ್ಲಿ 420ರ ಮೇಲೆ ತುಸು ತೋರಿಸಬೇಕು. ಆಮೇಲೆ ಅದನ್ನು ಗೋಡೆಯ ಸೆನ್ಸರ್ ಪಕ್ಕ ಇಟ್ಟು ಹೋಲಿಸಿ. ನೀವು ಮೀಟರ್ ಹತ್ತಿರ ಮುಖ ಇಟ್ಟು ಓದಬೇಡಿ, ನಿಮ್ಮ ಉಸಿರೇ ಲೆಕ್ಕಕ್ಕೆ ಬರುತ್ತದೆ.

ಫೆಸಿಲಿಟಿ_ಹೊರವರ್ತುಲ

ಎರಡು ಮಹಡಿಗಳಲ್ಲಿ 24 ಗಂಟೆ ಜನ ಇದ್ದಾರೆ. ಅಲ್ಲಿಂದಲೇ ‘ಉಸಿರು ಕಟ್ಟುತ್ತೆ’ ಅನ್ನೋ ದೂರು. ಪರಿಶೀಲಿಸ್ತೀವಿ. ಲೈಟಿನ ವಿಷಯ ಯಾರಾದರೂ ಹೇಳಿ.

ಲಕ್ಸ್_ರಾಯಚೂರು

ಪಿಐಆರ್ ನೋಡೋದು ಮನುಷ್ಯನನ್ನಲ್ಲ, ಹಿನ್ನೆಲೆಗಿಂತ ಬೇರೆ ಬಿಸಿ ಇರೋ ವಸ್ತು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ದಾಟೋದನ್ನ. ಅಡ್ಡ ನಡೆದರೆ ಚೆನ್ನಾಗಿ ಕಾಣುತ್ತೆ, ಸೆನ್ಸರ್ ಕಡೆಗೇ ನೇರ ಬಂದರೆ ಅಷ್ಟಾಗಿ ಇಲ್ಲ. ಗಾಜು, ಪಾರ್ಟಿಷನ್ ದಾಟಿ ಏನೂ ಕಾಣಲ್ಲ. ಡೇಟಾಶೀಟ್‌ನಲ್ಲಿ ದೊಡ್ಡದಾಗಿ ಬರೆದ ವ್ಯಾಪ್ತಿ ನಡೆದಾಡೋರಿಗೆ. ಕೂತು ಟೈಪ್ ಮಾಡೋರಿಗೆ ಅದರ ಅರ್ಧ ಅಂದುಕೊಳ್ಳಿ. ಹತ್ತು ಜನರ ಮೀಟಿಂಗ್ ರೂಮಿಗೆ ಬಾಗಿಲ ಹತ್ತಿರ ಒಂದೇ ಸೆನ್ಸರ್ ಹಾಕಿದ್ದರೆ ಮೇಜಿನ ಆ ತುದಿಯವರು ಅದರ ಪಾಲಿಗೆ ಇಲ್ಲವೇ ಇಲ್ಲ.

ಮೊದಲು ಟೈಮ್‌ಔಟ್ ನೋಡಿ, ಅಂದರೆ ಚಲನೆ ಕಾಣದಿದ್ದರೆ ಎಷ್ಟು ಹೊತ್ತಿಗೆ ಲೈಟ್ ಆರಬೇಕು ಅನ್ನೋದು. 5 ನಿಮಿಷ ಇಟ್ಟಿದ್ದರೆ 15ರಿಂದ 20 ಮಾಡಿ. ಆರಿಸೋ ಮುಂಚೆ ಅರ್ಧ ಬೆಳಕಿಗೆ ಇಳಿಸಿ 60 ಸೆಕೆಂಡ್ ಕಾಯಲಿ, ಕೂತವರಿಗೆ ಎಚ್ಚರಿಕೆ ಸಿಗುತ್ತೆ. ಎರಡನೆಯದು, ಹಗಲು ಬೆಳಕಿರೋ ಕಡೆ ಹಚ್ಚೋದು ಕೈಯಿಂದ, ಆರೋದು ತಾನಾಗಿ. ಒಳಗೆ ಕಾಲಿಟ್ಟ ಕೂಡಲೇ ಹತ್ತಿಕೊಳ್ಳೋದಕ್ಕಿಂತ ಇದರಲ್ಲಿ ಉಳಿತಾಯ ಹೆಚ್ಚು, ಯಾಕಂದರೆ ಕಿಟಕಿ ಪಕ್ಕ ಎಷ್ಟೋ ಜನ ಲೈಟ್ ಹಾಕೋದೇ ಇಲ್ಲ.

ಟಾಯ್ಲೆಟ್ಟಿಗೆ ಪಿಐಆರ್ ಒಂದೇ ಸಾಲದು, ಕ್ಯುಬಿಕಲ್ ಗೋಡೆ ಅಡ್ಡ. ಅಲ್ಟ್ರಾಸಾನಿಕ್ ಅಥವಾ ಮೈಕ್ರೋವೇವ್ ಬೇಕು. ದುಡ್ಡಿಲ್ಲದಿದ್ದರೆ ಟೈಮ್‌ಔಟ್ 30 ನಿಮಿಷ ಮಾಡಿ, ಒಂದು ಲೈಟನ್ನು ಸೆನ್ಸರ್‌ನಿಂದ ಬಿಡಿಸಿ ಆಫೀಸು ವೇಳೆಯಿಡೀ ಉರಿಯೋಕೆ ಬಿಡಿ. 12 ವ್ಯಾಟ್ ಎಲ್‌ಇಡಿ ಹತ್ತು ಗಂಟೆ ಉರಿದರೆ 0.12 ಯೂನಿಟ್, ಒಂದು ರೂಪಾಯಿ ಚಿಲ್ಲರೆ. ಅದಕ್ಕೋಸ್ಕರ ಜನರನ್ನ ಕತ್ತಲಲ್ಲಿ ಕೂರಿಸೋದು ಬೇಡ.

ಮೈಕ್ರೋವೇವ್‌ಗೆ ಉಲ್ಟಾ ಕಾಯಿಲೆ: ಜಿಪ್ಸಂ ಗೋಡೆ, ಗಾಜು ದಾಟಿ ಕಾರಿಡಾರ್‌ನಲ್ಲಿ ಓಡಾಡೋರನ್ನೂ ಹಿಡಿಯುತ್ತೆ. ಖಾಲಿ ರೂಮು ದಿನವಿಡೀ ಬೆಳಗುತ್ತೆ. ಹಿಂದಿನ ಡಿಪ್ ಸ್ವಿಚ್‌ನಲ್ಲಿ ಸೆನ್ಸಿಟಿವಿಟಿ ಇಳಿಸಿ, ಒಬ್ಬರು ಕಾರಿಡಾರಲ್ಲಿ ಓಡಾಡ್ತಾ ಪರೀಕ್ಷೆ ಮಾಡಿ.

ಉತ್ತರ ಕರ್ನಾಟಕದವರಿಗೆ ಒಂದು ಮಾತು. ಎಸಿ ಇಲ್ಲದ ಮೆಟ್ಟಿಲು, ಪಾರ್ಕಿಂಗ್‌ಗೆ ಪಿಐಆರ್ ಹಾಕಿದರೆ ಏಪ್ರಿಲ್, ಮೇನಲ್ಲಿ ಕೈಕೊಡುತ್ತೆ. ಗೋಡೆಯೇ 34, 35 ಡಿಗ್ರಿ ಆದಾಗ ಮನುಷ್ಯನ ಚರ್ಮ, ಬಟ್ಟೆಯ ಬಿಸಿಗೂ ಅದಕ್ಕೂ ವ್ಯತ್ಯಾಸವೇ ಉಳಿಯಲ್ಲ. ಸೆನ್ಸರ್ ಕೆಟ್ಟಿದೆ ಅಂತ ಬದಲಾಯಿಸ್ತಾರೆ, ಹೊಸದೂ ಹಾಗೇ. ಅಲ್ಲಿಗೆ ಮೈಕ್ರೋವೇವ್ ಸರಿ.

ಲಿಫ್ಟ್_ಲಾಬಿ

ಡೆಸ್ಟಿನೇಷನ್ ಲಿಫ್ಟ್ ಹೊಸದೇನಲ್ಲ, ಷಿಂಡ್ಲರ್ ಕಂಪನಿ ಮಿಕೋನಿಕ್ 10 ತಂದಿದ್ದು 1990ರ ದಶಕದ ಆರಂಭದಲ್ಲಿ. ಹೊರಗೆ ಮಹಡಿ ಒತ್ತಬೇಕು, ಪ್ಯಾನೆಲ್ ಎ, ಬಿ, ಸಿ ಅಂತ ಲಿಫ್ಟ್ ಹೇಳುತ್ತೆ, ಒಳಗೆ ಬಟನ್ ಇರಲ್ಲ. ಇದು ಕೆಲಸ ಮಾಡೋದು ಒಂದು ಷರತ್ತಿನ ಮೇಲೆ: ಒಂದು ಒತ್ತು, ಒಂದು ತಲೆ.

ನಮ್ಮಲ್ಲಿ ಆಗೋದು ಏನು? ಐವರು ಗೆಳೆಯರು ಬರ್ತಾರೆ, ಒಬ್ಬ ಒತ್ತುತ್ತಾನೆ. ವ್ಯವಸ್ಥೆ ಒಂದು ಜಾಗ ಕಾಯ್ದಿರಿಸುತ್ತೆ, ಐವರು ಹತ್ತುತ್ತಾರೆ. ಅದೇ ಲಿಫ್ಟ್ ಸಿಕ್ಕಿದ್ದ ನಾಲ್ವರು ಹೊರಗುಳಿದು ಮತ್ತೆ ಒತ್ತುತ್ತಾರೆ. ಕಾದು ಬೇಸತ್ತವರು ಇನ್ನೆರಡು ಸಲ ಒತ್ತುತ್ತಾರೆ. ಈಗ ಇಲ್ಲದ ಜನಕ್ಕಾಗಿ ಲಿಫ್ಟ್ ನಿಲ್ಲುತ್ತೆ. 20 ಜನರ ಲಿಫ್ಟ್ ಅಂದರೆ ತಲೆಗೆ 68 ಕೆಜಿಯಂತೆ 1360 ಕೆಜಿ. ಸುಮಾರು 80 ಶೇಕಡಾ ಭಾರಕ್ಕೆ, ಅಂದರೆ 1088 ಕೆಜಿಗೆ, ‘ತುಂಬಿದೆ’ ಅಂತ ತೀರ್ಮಾನಿಸಿ ನಡುವೆ ಕಾಯೋರನ್ನ ಬಿಟ್ಟು ಹೋಗುತ್ತೆ. ಬ್ಯಾಕ್‌ಪ್ಯಾಕ್ ಸೇರಿಸಿದರೆ 14, 15 ಜನಕ್ಕೇ ಆ ಮಿತಿ.

ಬೋರ್ಡ್ ಹಾಕಿದರೆ ಎರಡು ದಿನ ಓದ್ತಾರೆ. ನಿಲ್ಲೋ ಪರಿಹಾರ ಗೇಟಿಗೆ ಜೋಡಿಸೋದು: ಟರ್ನ್‌ಸ್ಟೈಲ್‌ನಲ್ಲಿ ಕಾರ್ಡ್ ತೋರಿಸಿದಾಗಲೇ ಅವರ ಮಹಡಿಗೆ ಲಿಫ್ಟ್ ಗೊತ್ತುಮಾಡಿ ಅಲ್ಲೇ ಅಕ್ಷರ ತೋರಿಸಿ. ಒಂದು ಕಾರ್ಡ್, ಒಂದು ತಲೆ, ಮಾತು ಮುಗೀತು. ಲಿಫ್ಟ್, ಗೇಟು ಎರಡರ ಕಂಟ್ರೋಲರ್ ಬೇರೆ ಬೇರೆ ಕಂಪನಿಯದಾದರೆ ಇಂಟರ್‌ಫೇಸ್ ಲೈಸೆನ್ಸ್ ಬೇಕಾಗುತ್ತೆ, ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ನವೀಕರಿಸುವಾಗ ಅದನ್ನೂ ಸೇರಿಸಿ ಚೌಕಾಸಿ ಮಾಡಿ. ಗೇಟಿನಿಂದ ಲಿಫ್ಟಿಗೆ ನಡೆಯೋ ಸಮಯದ ಸೆಟ್ಟಿಂಗ್ ಇರುತ್ತೆ, ಸ್ಟಾಪ್‌ವಾಚ್ ಹಿಡಿದು ನಿಧಾನ ನಡೆಯೋರ ಸಮಯ ಹಾಕಿ. ಕಡಿಮೆ ಇದ್ದರೆ ಜನ ತಲುಪೋ ಹೊತ್ತಿಗೆ ಬಾಗಿಲು ಮುಚ್ಚುತ್ತೆ.

ನಡೆದು_ನೋಡಿ

ಟಚ್ ಪ್ಯಾನೆಲ್ ಆದರೆ ಕಣ್ಣು ಕಾಣದವರು ಏನು ಮಾಡಬೇಕು?

ಲಿಫ್ಟ್_ಲಾಬಿ

ಪ್ಯಾನೆಲ್ ಕೆಳಗೆ ಕೈಗೆ ತಿಳಿಯೋ ಉಬ್ಬು ಗುಂಡಿ ಇರಬೇಕು. ಒತ್ತಿದರೆ ಮಹಡಿಗಳನ್ನ ಒಂದೊಂದಾಗಿ ಓದಿ ಹೇಳುತ್ತೆ, ಬೇಕಾದ್ದು ಬಂದಾಗ ಮತ್ತೊಮ್ಮೆ ಒತ್ತಬೇಕು. ಬಾಗಿಲೂ ಹೆಚ್ಚು ಹೊತ್ತು ತೆರೆದಿರುತ್ತೆ. ಎಷ್ಟೋ ಕಡೆ ಗುಂಡಿ ಇದ್ದೂ ಸ್ಪೀಕರ್ ಮ್ಯೂಟ್ ಮಾಡಿರ್ತಾರೆ, ರಿಸೆಪ್ಷನ್‌ಗೆ ಸದ್ದಾಗುತ್ತೆ ಅಂತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇರುವಾಗ ಇದು ಬರೀ ಸೌಜನ್ಯದ ಪ್ರಶ್ನೆ ಅಲ್ಲ. ಕನ್ನಡ ಧ್ವನಿ ಹಾಕಿಸಿಕೊಡಿ ಅಂತ ಕಂಪನಿಯನ್ನ ಕೇಳಿ.

ಬಾಗಿಲು_ಬೀಗ

ಫೈರ್ ಡೋರ್ ವಿಷಯಕ್ಕೆ ಬರ್ತೀನಿ, ಇಡೀ ಚರ್ಚೆಯಲ್ಲಿ ಜೀವಕ್ಕೆ ಸಂಬಂಧಿಸಿದ್ದು ಇದೊಂದೇ.

ಸಿಲಿಂಡರ್ ಅಡ್ಡ ಇಡೋದು ಯಾಕೆ ಅಂದರೆ, ಒಂದು ಮಹಡಿ ಇಳಿಯೋಕೆ ಲಿಫ್ಟ್ ಸಿಗಲ್ಲ, ಮೆಟ್ಟಿಲಿಗೆ ಹೋದರೆ ಕೆಳಗಿನ ಬಾಗಿಲಲ್ಲಿ ಕಾರ್ಡ್ ರೀಡರ್ ಇಲ್ಲ. ಲಿಫ್ಟ್ ಸರಿಹೋದರೆ ಅರ್ಧ ಕಡಿಮೆಯಾಗುತ್ತೆ. ಓಡಾಟ ಹೆಚ್ಚಿರೋ ಒಂದೆರಡು ಮಹಡಿಗೆ ಮೆಟ್ಟಿಲ ಕಡೆಯಿಂದ ರೀಡರ್ ಹಾಕಿ. ತೆರೆದೇ ಇರಬೇಕಾದ ಬಾಗಿಲಿಗೆ ಗೋಡೆಯ ಹೋಲ್ಡ್ ಓಪನ್ ಮ್ಯಾಗ್ನೆಟ್ ಬರುತ್ತೆ, 24 ವೋಲ್ಟ್ ಡಿಸಿ. ಫೈರ್ ಪ್ಯಾನೆಲ್ ಕರೆಂಟ್ ಕಡಿದ ಕೂಡಲೇ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತೆ.

ಮ್ಯಾಗ್ನೆಟಿಕ್ ಲಾಕ್ ಇರೋ ಬಾಗಿಲುಗಳಲ್ಲಿ ವೈರಿಂಗ್ ನೋಡಲೇಬೇಕು. ‘ಕರೆಂಟ್ ಹೋದರೆ ಬಾಗಿಲು ತೆರೆಯುತ್ತೆ’ ಅಂತ ಎಲ್ಲರೂ ಹೇಳ್ತಾರೆ. ಪವರ್ ಸಪ್ಲೈ ಡಬ್ಬಿಯೊಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತೆ, ಅದು ಗಂಟೆಗಟ್ಟಲೆ ಬೀಗ ಹಿಡಿದಿಡುತ್ತೆ. ಆದ್ದರಿಂದ ಫೈರ್ ಪ್ಯಾನೆಲ್ ರಿಲೇ, ಅಂದರೆ ಲೈನ್ ಕಡಿಯೋ ಸ್ವಿಚ್, 230 ವೋಲ್ಟ್ ಕಡೆ ಇದ್ದರೆ ಪ್ರಯೋಜನ ಇಲ್ಲ. ಬ್ಯಾಟರಿ ಆದಮೇಲೆ, ಲಾಕ್‌ಗೆ ಹೋಗೋ 12 ವೋಲ್ಟ್ ಲೈನಿನಲ್ಲೇ ಇರಬೇಕು. ಸಾಫ್ಟ್‌ವೇರ್ ಆಜ್ಞೆಯ ಮೂಲಕ ತೆರೆಯೋ ಏರ್ಪಾಡು ಹೆಚ್ಚುವರಿಯಾಗಿ ಇರಲಿ, ಅದೊಂದನ್ನೇ ನಂಬಬೇಡಿ. ಸರ್ವರ್ ಕೈಕೊಟ್ಟ ದಿನವೇ ಬೆಂಕಿ ಬೀಳಬಾರದು ಅಂತ ಎಲ್ಲೂ ಬರೆದಿಲ್ಲ. ಒಳಗಡೆ ಹಸಿರು ಬ್ರೇಕ್ ಗ್ಲಾಸ್ (ತುರ್ತಿನಲ್ಲಿ ಬಾಗಿಲು ತೆರೆಯೋ ಡಬ್ಬಿ) ಕೂಡ ಅದೇ ಲೈನನ್ನು ನೇರ ಕಡಿಯಬೇಕು. ತಿಂಗಳಿಗೊಮ್ಮೆ ಫೈರ್ ಪ್ಯಾನೆಲ್‌ನಿಂದ ಅಲಾರ್ಮ್ ಕೊಟ್ಟು ಪ್ರತಿ ಬಾಗಿಲನ್ನೂ ಕೈಯಿಂದ ತಳ್ಳಿ ನೋಡಿ. ಪರದೆಯಲ್ಲಿ ‘ಅನ್‌ಲಾಕ್’ ಅಂತ ಬಂದರೆ ಸಾಲದು.

ಜಯನಗರ_ಅಪಾರ್ಟ್‌ಮೆಂಟ್

ಮನೆಯ ಕಡೆಗೂ ಸ್ವಲ್ಪ ಬನ್ನಿ. ಸ್ಮಾರ್ಟ್ ಬಲ್ಬ್ ಹಾಕಿದರೆ ಮನೆಯ ಹಿರಿಯರು ಗೋಡೆ ಸ್ವಿಚ್ ಆರಿಸಿಬಿಡ್ತಾರೆ, ಆಮೇಲೆ ಆ್ಯಪ್‌ನಲ್ಲಿ ‘ಆಫ್‌ಲೈನ್’. ರಾತ್ರಿ ಕರೆಂಟ್ ಹೋಗಿ ಬಂದರೆ ಎಲ್ಲ ಬಲ್ಬೂ ಒಟ್ಟಿಗೆ ಹತ್ತಿಕೊಳ್ಳುತ್ತೆ.

ಬಿಎಂಎಸ್_ರಾತ್ರಿಪಾಳಿ

ಹಿರಿಯರು ಸರಿಯಾಗೇ ಮಾಡ್ತಿದ್ದಾರೆ, ಸ್ವಿಚ್ ಇರೋದೇ ಆರಿಸೋಕೆ. ಬಲ್ಬ್ ಬಿಟ್ಟು ಸ್ವಿಚ್ ಹಿಂದೆ ರಿಲೇ ಮಾಡ್ಯೂಲ್ ಹಾಕಿ. ಗೋಡೆ ಸ್ವಿಚ್ಚೂ ಕೆಲಸ ಮಾಡುತ್ತೆ, ಆ್ಯಪೂ ಮಾಡುತ್ತೆ, ವೈಫೈ ಸತ್ತರೂ ಮನೆ ನಡೆಯುತ್ತೆ. ಸ್ವಿಚ್ ಮೋಡ್ ‘ಎಡ್ಜ್’ ಅಂತ ಇಡಿ, ಪ್ರತಿ ಸಲ ಸ್ವಿಚ್ ತಿರುಗಿಸಿದಾಗ ಸ್ಥಿತಿ ಬದಲಾಗುತ್ತೆ. ಹಳೇ ಮನೆಯ ಸ್ವಿಚ್ ಬಾಕ್ಸಿಗೆ ನ್ಯೂಟ್ರಲ್ ಬಂದಿದೆಯಾ ಅಂತ ಮೊದಲೇ ನೋಡಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರದ ಪ್ಲಗ್ ಪಾಯಿಂಟಿಂದ ಎಳೆಯಬೇಕು, ಅದೂ ಅದೇ ಸರ್ಕ್ಯೂಟ್‌ನ ನ್ಯೂಟ್ರಲ್ ಆಗಿರಬೇಕು, ಇಲ್ಲದಿದ್ದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯೋ ಸ್ವಿಚ್) ಟ್ರಿಪ್ ಆಗ್ತಿರುತ್ತೆ.

ಗೀಸರ್‌ಗೆ 10 ಆಂಪ್ ಮಾಡ್ಯೂಲ್ ಬೇಡ. 3 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ 13 ಆಂಪ್ ಎಳೆಯುತ್ತೆ. ಮಾಡ್ಯೂಲ್‌ನಿಂದ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳೋ ದೊಡ್ಡ ರಿಲೇ) ಓಡಿಸಿ, ಕಾಂಟ್ಯಾಕ್ಟರ್ ಗೀಸರ್ ಓಡಿಸಲಿ.

ಕರೆಂಟ್ ಬಂದಾಗ ಹತ್ತಿಕೊಳ್ಳೋದು ‘ಪವರ್ ಆನ್ ಸ್ಥಿತಿ’ ಅನ್ನೋ ಸೆಟ್ಟಿಂಗ್. ‘ಹಿಂದಿನ ಸ್ಥಿತಿ’ ಅಥವಾ ‘ಆಫ್’ ಆರಿಸಿ. ಬೆಸ್ಕಾಂನಿಂದ ಜನರೇಟರ್‌ಗೆ, ಮತ್ತೆ ವಾಪಸ್, ಎರಡು ಸಲ ಕಡಿತ ಆಗೋದರಿಂದ ನಮ್ಮಲ್ಲಿ ಇದು ಮುಖ್ಯ. ಅಂದಹಾಗೆ ಪ್ರೀಪೇಯ್ಡ್ ಮೀಟರ್ ಇರೋ ಅಪಾರ್ಟ್‌ಮೆಂಟ್‌ಗಳಲ್ಲಿ ಜನರೇಟರ್ ಮೇಲಿದ್ದಾಗ ಫ್ಲ್ಯಾಟಿಗೆ ಬೇರೆ ಲೋಡ್ ಮಿತಿ ಇರುತ್ತೆ. ಟೈಮರ್‌ನಲ್ಲಿ ಗೀಸರ್ ತಾನಾಗಿ ಹತ್ತಿ ಆ ಮಿತಿ ದಾಟಿದರೆ ಮೀಟರ್ ಇಡೀ ಮನೆಯನ್ನೇ ಕಡಿಯುತ್ತೆ.

ನಡೆದು_ನೋಡಿ

ಮೇಜಿನಡಿ ಸೆನ್ಸರ್ ಹಾಕಿ ಯಾರು ಎಷ್ಟು ಹೊತ್ತು ಕೂತರು ಅಂತ ಅಳೆಯೋ ಯೋಜನೆ ಇದ್ದರೆ ಮುಂಚೆ ಹೇಳಿ ಹಾಕಿ. 2016ರ ಜನವರಿಯಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಕಚೇರಿಯಲ್ಲಿ ಹೇಳದೆ ಹಾಕಿದ್ದರು, ಸುದ್ದಿಯಾಗಿ ಅದೇ ದಿನ ತೆಗೆಯಬೇಕಾಯ್ತು. ಜಾಗ ಎಷ್ಟು ಬಳಕೆಯಾಗುತ್ತೆ ಅಂತ ತಿಳಿಯೋಕೆ ಮಹಡಿಯ ತಲೆ ಎಣಿಕೆ ಸಾಕು, ಕುರ್ಚಿಯ ಹೆಸರು ಬೇಕಿಲ್ಲ. ಮುಖ ಗುರುತಿಸೋ ಹಾಜರಿ ಇದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನ ಕಾನೂನು ವಿಭಾಗದವರ ಜೊತೆ ಕೂತು ಓದಿ.

ಫೆಸಿಲಿಟಿ_ಹೊರವರ್ತುಲ

ಎಲ್ಲರಿಗೂ ಧನ್ಯವಾದ. ಮೊದಲ ವಾರ ಬಾಗಿಲಿನ ವೈರಿಂಗ್, ಓವರ್‌ರೈಡ್ ಪಟ್ಟಿ ಮತ್ತು ಟೈಮ್‌ಔಟ್. ಎರಡನೇ ವಾರ ಟ್ರೆಂಡ್ ನೋಡಿ ವಿಎವಿ ಕನಿಷ್ಠ, ಥರ್ಮೋಸ್ಟ್ಯಾಟ್ ಪೈಪಿಗೆ ಪುಟ್ಟಿ. ಸರಿನಾ? ಇನ್ನೊಂದು, ಸೆನ್ಸರ್‌ಗಳಿಗೆ ಟೇಪ್ ಅಂಟಿಸಿರೋದು ಹೆಚ್ಚಾಗಿ ಸಂಜೆ ಏಳರ ನಂತರ. ಆ ಮಹಡಿಗಳಲ್ಲಿ ಸಿಬ್ಬಂದಿ ಅಷ್ಟು ಹೊತ್ತಿಗೆ ಇರಲ್ಲ.

ಡಕ್ಟ್_ಹುಬ್ಬಳ್ಳಿ

ಕ್ರಮ ಸರಿ ಐತ್ರಿ. ರಟ್ಟು ತೆಗೆಯೋದು ಮಾತ್ರ ಕಡೀಗೆ. ಗಾಳಿ ಕಡಿಮಿ ಮಾಡಿದ ಮ್ಯಾಲೆ ಒಂದು ವಾರ ಬಿಟ್ಟು ತೆಗೀರಿ, ಮೊದಲ ತೆಗೆದ್ರ ಇನ್ನೂ ದಪ್ಪ ರಟ್ಟು ಬರ್ತದ.

ಲಕ್ಸ್_ರಾಯಚೂರು

ಸಂಜೆ ಏಳರ ನಂತರ ಅಂದರೆ ಹೌಸ್‌ಕೀಪಿಂಗ್‌ನವರು. ಏಳಾದ ಮೇಲೆ ಟೈಮ್‌ಔಟ್ ಎರಡು ನಿಮಿಷಕ್ಕೆ ಇಳಿಯೋ ರಾತ್ರಿ ಮೋಡ್ ಇರಬೇಕು, ನೋಡಿ. ಒಬ್ಬರು ಸಾಲಿನ ಈ ತುದಿಯಲ್ಲಿ ಒರೆಸುವಾಗ ಆ ತುದಿ ಆರಿಹೋಗುತ್ತೆ. ಮೇಜಿನಡಿ ಬಗ್ಗಿದರೆ ಅವರ ಮೇಲಿನದೂ ಆರುತ್ತೆ. ಲೈಟ್ ಹಚ್ಚೋ ಆ್ಯಪ್ ಸಿಬ್ಬಂದಿಯ ಫೋನಲ್ಲಿ ಮಾತ್ರ ಇರೋದು, ಇವರಿಗೆ ಲಾಗಿನ್ ಇಲ್ಲ. ಟೇಪ್ ಅಂಟಿಸಿದರೆ ಸೆನ್ಸರ್ ಕುರುಡಾಗಿ ಲೈಟ್ ಆರಬೇಕಿತ್ತಲ್ಲ ಅನ್ನಿಸಬಹುದು. ಕೆಲವು ಮಾಡೆಲ್‌ಗಳಲ್ಲಿ ಬೆಳಕು ಅಳೆಯೋ ಕಣ್ಣು ಬೇರೆ ಇರುತ್ತೆ. ಅದಕ್ಕಷ್ಟೇ ಟೇಪ್ ಹಚ್ಚಿದರೆ ಕತ್ತಲೆ ಅಂತ ತಿಳಿದು ಪೂರ್ತಿ ಬೆಳಕು ಕೊಡುತ್ತೆ. ಅಷ್ಟು ಕಂಡುಕೊಂಡಿದ್ದಾರೆ ಅಂದರೆ ಮೆಚ್ಚಬೇಕು.

ನಿಮ್ಮದು ಡಾಲಿ ಲೈಟಿಂಗ್ (ಲೈಟುಗಳಿಗೆ ಡಿಜಿಟಲ್ ಆಜ್ಞೆ ಕೊಡೋ ಪದ್ಧತಿ) ಆದರೆ ಒಂದು ಲೈನಿಗೆ 16 ಸೀನ್‌ಗಳಿವೆ, ಅಂದರೆ ಮೊದಲೇ ಹೊಂದಿಸಿಟ್ಟ ಬೆಳಕಿನ ಮಟ್ಟಗಳು, ಬಹಳ ಕಡೆ ನಾಲ್ಕು ಬಳಸಿರ್ತಾರೆ. ಒಂದನ್ನು ‘ಸ್ವಚ್ಛತೆ’ ಅಂತ ಮಾಡಿ: ಅರ್ಧ ಮಹಡಿ, 60 ಶೇಕಡಾ ಬೆಳಕು, 45 ನಿಮಿಷ, ಅಲ್ಲಿವರೆಗೂ ಸೆನ್ಸರ್ ಲೆಕ್ಕಕ್ಕಿಲ್ಲ. ಪ್ಯಾಂಟ್ರಿ ಬಾಗಿಲ ಪಕ್ಕ ಒಂದು ಬೆಲ್ ಪುಶ್ ಸ್ವಿಚ್ ಹಾಕಿ, ಮೇಲೆ ಪೊರಕೆ ಚಿತ್ರ ಅಂಟಿಸಿ. ಬಕೆಟ್ ಹಿಡಿದ ಒದ್ದೆ ಕೈಯಲ್ಲಿ ಒತ್ತೋದರಿಂದ ಟಚ್ ಬೇಡ, ರಬ್ಬರ್ ಮುಚ್ಚಳದ್ದೇ ಹಾಕಿ.